ಕರೆಯುವ ಗಡುವು, ಕೊಡುವ ಗಡುವು
(ದತ್ತಿ ಉಪನ್ಯಾಸದ ಮುದ್ರಿತ ರೂಪ)



ಗಡಿನಾಡಿನ ಕನ್ನಡ ವೇದಿಕೆಯ ಮೇಲೆ ದತ್ತಿ ಉಪನ್ಯಾಸ ಎಂದರೆ ಶಾಸನ, ಸಾಹಿತ್ಯ, ಇಲ್ಲವೇ ಭಾಷೆಯ ಅಳಿವು ಉಳಿವು. ಇವತ್ತು ನಾನು ಎತ್ತಿಕೊಂಡಿರುವುದು ಟೆಂಡರ್. ಕಾರ್ಪೊರೇಷನ್ನು ಚರಂಡಿ ಕಟ್ಟಿಸುವುದು, ಪೈಪು ಕೊಳ್ಳುವುದು, ಬೀದಿದೀಪ ಹಾಕಿಸುವುದು, ಮತ್ತು ಅದಕ್ಕೆ ಬೆವರು ಸುರಿಸಿದವನಿಗೆ ದುಡ್ಡು ಕೊಡುವುದು ಅಥವಾ ಕೊಡದೆ ಸತಾಯಿಸುವುದು. ವಿಷಯ ಒಣಕಲು ಎಂದು ಎದ್ದು ಹೋಗಬೇಡಿ. ಸೇಲಂ, ಧರ್ಮಪುರಿ, ಹೊಸೂರು ಕಡೆಯ ಕನ್ನಡಿಗರ ಈ ಸಭೆಯಲ್ಲಿ ಮಗ್ಗದ ಮನೆಯವರಿದ್ದೀರಿ, ಸಣ್ಣ ಗುತ್ತಿಗೆ ಹಿಡಿದವರಿದ್ದೀರಿ, ಲೇತ್ ಮಷೀನ್ ಇಟ್ಟವರಿದ್ದೀರಿ. ಮಾತು ಆಡುವುದು ಯಾವ ಭಾಷೆಯಲ್ಲೇ ಆದರೂ ಸರ್ಕಾರದ ಜೊತೆ ವ್ಯವಹಾರ ಮಾಡುವಾಗ ನಮಗೆಲ್ಲ ಬೇಕಾಗುವುದು ಈ ಕಾಗದಗಳೇ.

ಶಾಸನ ಬಿಟ್ಟರೆ ಸಭೆಯ ಅಧ್ಯಕ್ಷರು ಬೇಸರ ಮಾಡಿಕೊಂಡಾರು, ಅಲ್ಲಿಂದಲೇ ಹೊರಡೋಣ. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬ ಮಹೇಂದ್ರನ ಕಾಲದಲ್ಲಿ, ಶಕ 815ರಲ್ಲಿ, ಅಂದರೆ ಕ್ರಿ.ಶ. 893ರ ಸುಮಾರಿಗೆ, ಅಲ್ಲಿ ಒಂದು ಕನ್ನಡ ಶಾಸನ ಬರೆಸಿದರು. ನಿಧಿಯಣ್ಣ, ಚಂದಿಯಣ್ಣ ಎಂಬಿಬ್ಬರು ವರ್ತಕರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದು, ನಿಧಿಯಣ್ಣ ದೊರೆಯಿಂದ ಮೂಲಪಳ್ಳಿ ಎಂಬ ಹಳ್ಳಿಯನ್ನು ಪಡೆದು ಅದನ್ನು ಬಸದಿಯ ದುರಸ್ತಿ ಮೊದಲಾದ ಖರ್ಚಿಗೆಂದು ಕನಕಸೇನ ಸಿದ್ಧಾಂತರಿಗೆ ಒಪ್ಪಿಸಿದ್ದು ಅದರಲ್ಲಿದೆ. ಭಕ್ತಿಯ ವಿಷಯ ಬಿಡಿ, ಲೆಕ್ಕಪತ್ರದ ಕಣ್ಣಿನಿಂದ ನೋಡಿ. ಕಟ್ಟಿಸಿದವರು ಯಾರು, ಮುಂದಿನ ದುರಸ್ತಿಗೆ ದುಡ್ಡು ಎಲ್ಲಿಂದ, ಅದು ಯಾರ ಕೈಗೆ ಹೋಗಬೇಕು ಎನ್ನುವುದೆಲ್ಲ ದಾರಿಹೋಕನಿಗೂ ಕಾಣುವಂತೆ ಕಲ್ಲಿನ ಮೇಲಿದೆ. ಇವತ್ತು ನಮ್ಮ ಬೀದಿಯ ಚರಂಡಿಯ ವಿಷಯದಲ್ಲಿ ಇಷ್ಟು ಗೊತ್ತಾಗಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು.

ಆಮೇಲೆ ಬಹಳ ಕಾಲ ಕಳೆದು 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದದ ಪ್ರಕಾರ ಟಿಪ್ಪು ಧರ್ಮಪುರಿ ಸೀಮೆ ಸೇರಿದ ಬಾರಾಮಹಲನ್ನೂ ಸೇಲಮ್ಮನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲೆಕ್ಸಾಂಡರ್ ರೀಡ್, ಅವನ ಕೈಕೆಳಗೆ ಥಾಮಸ್ ಮನ್ರೋ ಬಂದು ಹೊಲ ಅಳೆದದ್ದು, ರೈತವಾರಿ ಕಂದಾಯ ಇಲ್ಲೇ ರೂಪುಗೊಂಡದ್ದು ಶಾಲೆಯ ಪಾಠದಲ್ಲಿದೆ. ಪಾಠದಲ್ಲಿ ಇಲ್ಲದ್ದು ಕಂಪನಿಯ ಖರೀದಿ. ಸೇಲಮ್ಮಿನಲ್ಲಿ ಕಂಪನಿಗೆ ಒಬ್ಬ ವಾಣಿಜ್ಯ ರೆಸಿಡೆಂಟ್ ಇದ್ದ. ಬಟ್ಟೆ ಕೊಳ್ಳುವುದು ಅವನ ಕೆಲಸ. ಮುಂದೆ ಪೋರ್ಟೊ ನೋವೊದಲ್ಲಿ ಸೇಲಮ್ಮಿನ ಅದಿರಿನಿಂದ ಕಬ್ಬಿಣ ತೆಗೆಯಲು ಹೊರಟ ಜೋಸೈಯಾ ಹೀತ್ ಮೊದಲು ಕೂತಿದ್ದದ್ದು ಇದೇ ಕುರ್ಚಿಯ ಮೇಲೆ. ಕಂಪನಿ ನೇಕಾರರಿಗೆ ಮುಂಗಡ ಕೊಡುತ್ತಿತ್ತು, ಮುಂಗಡ ಪಡೆದವನು ಬೇರೆಯವರಿಗೆ ನೇಯುವಂತಿರಲಿಲ್ಲ, ಬಟ್ಟೆಯ ದರ್ಜೆಯನ್ನು ಕೊಳ್ಳುವವನೇ ನಿರ್ಧರಿಸುತ್ತಿದ್ದ. ಬೆಲೆ ಕಟ್ಟುವವನೂ ಅವನೇ, ತಿರಸ್ಕರಿಸುವವನೂ ಅವನೇ, ದೂರು ಕೇಳುವವನೂ ಅವನೇ. ಸರ್ಕಾರದ ಖರೀದಿಗೆ ಕಾಯ್ದೆ ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ರೆಸಿಡೆಂಟನ ಕುರ್ಚಿ ತೋರಿಸುತ್ತೇನೆ.

ಆ ಕಾಯ್ದೆ ಬರಲು ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಾಯಬೇಕಾಯಿತು. ಈ ಒಂದು ವಿಷಯದಲ್ಲಿ ತಮಿಳುನಾಡು ದೇಶಕ್ಕೇ ಮೇಲ್ಪಂಕ್ತಿ ಹಾಕಿತು. ತಮಿಳುನಾಡು ಟೆಂಡರ್ ಪಾರದರ್ಶಕತೆ ಕಾಯ್ದೆ 1998ರದ್ದು, ಅದರ ನಿಯಮಗಳು 2000ದವು. ಕರ್ನಾಟಕದ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, ಎಲ್ಲರ ಬಾಯಲ್ಲಿ ಕೆಟಿಪಿಪಿ, 1999ರದ್ದು. ಎರಡೂ ಜಾರಿಗೆ ಬಂದದ್ದು 2000ದಲ್ಲಿ. ಎರಡೂ ಒಂದೇ ತಾಯಿಯ ಮಕ್ಕಳಂತಿವೆ. ಟೆಂಡರನ್ನು ಸರ್ಕಾರದ ಟೆಂಡರ್ ಬುಲೆಟಿನ್ನಿನಲ್ಲಿ ಪ್ರಕಟಿಸಬೇಕು, ಲಕೋಟೆಯನ್ನು ಟೆಂಡರುದಾರರ ಎದುರಿಗೆ ಒಡೆಯಬೇಕು, ಷರತ್ತುಗಳನ್ನು ಮೊದಲೇ ಬರೆದಿಡಬೇಕು, ಅರ್ಹರಲ್ಲಿ ಕಡಿಮೆ ದರ ಹಾಕಿದವನಿಗೆ ಕೊಡಬೇಕು, ಚೌಕಾಸಿ ಮಾಡುವುದಾದರೆ ಅವನೊಬ್ಬನ ಜೊತೆ ಮಾತ್ರ. ತಮಿಳುನಾಡಿನಲ್ಲಿ 2 ಕೋಟಿ ರೂಪಾಯಿವರೆಗಿನ ಟೆಂಡರಿಗೆ ಕನಿಷ್ಠ 15 ದಿನ, ಅದಕ್ಕೂ ಮೇಲಾದರೆ 30 ದಿನ ಕಾಲಾವಕಾಶ ಕೊಡಬೇಕು. ಕರ್ನಾಟಕದ ಮೂಲ ನಿಯಮದಲ್ಲಿ ಇದು 30 ಮತ್ತು 60 ಇತ್ತು. ತಮಿಳುನಾಡಿನಲ್ಲಿ ಇಎಂಡಿ, ಅಂದರೆ ಟೆಂಡರಿನ ಜೊತೆ ಕಟ್ಟುವ ಠೇವಣಿ, ಟೆಂಡರ್ ಮೊತ್ತದ ಶೇ. 1ನ್ನು ಮೀರುವಂತಿಲ್ಲ. ಅನ್ಯಾಯವಾಯಿತು ಎನಿಸಿದವನು 10 ದಿನದೊಳಗೆ ಸರ್ಕಾರಕ್ಕೆ ಮೇಲ್ಮನವಿ ಹಾಕಬಹುದು. ವಿನಾಯಿತಿಗಳೂ ಇವೆ. ಪ್ರವಾಹ, ಬರದಂಥ ತುರ್ತು, ಒಬ್ಬನೇ ಪೂರೈಕೆದಾರ ಇರುವ ವಸ್ತು, ಹೀಗೆ. ಕರ್ನಾಟಕದಲ್ಲಿ, ಸರ್ಕಾರವೇ ಅಧಿಸೂಚನೆಯಿಂದ ನಿರ್ದಿಷ್ಟ ಖರೀದಿಗೆ ವಿನಾಯಿತಿ ಕೊಡಬಹುದಾದ ಕಲಂ 4(ಜಿ)ಯೇ ಕುಖ್ಯಾತ ‘4ಜಿ’. ಮೊಬೈಲಿನ 4ಜಿ ಬರುವ ಮೊದಲೇ ವಿಧಾನಸೌಧದಲ್ಲಿ ಈ 4ಜಿ ಓಡಾಡುತ್ತಿತ್ತು.

ಕಾಯ್ದೆ ಇಲ್ಲದಿದ್ದ ಕಾಲದಲ್ಲೂ ಸಂವಿಧಾನ ಇತ್ತು. ಅದನ್ನು ತೋರಿಸಿಕೊಟ್ಟ ಮೊಕದ್ದಮೆಯ ಹೆಸರಿನಲ್ಲಿ ಒಬ್ಬ ಶೆಟ್ಟರಿದ್ದಾರೆ. ರಮಣ ದಯಾರಾಮ್ ಶೆಟ್ಟಿ ವಿರುದ್ಧ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಪ್ರಾಧಿಕಾರ, ಸುಪ್ರೀಂ ಕೋರ್ಟ್, 1979. ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ಒಂದು ಎರಡನೇ ದರ್ಜೆಯ ರೆಸ್ಟೋರೆಂಟ್, ಎರಡು ತಿಂಡಿ ಅಂಗಡಿ ನಡೆಸಲು ಟೆಂಡರ್ ಕರೆದಿದ್ದರು. ಕನಿಷ್ಠ ಐದು ವರ್ಷ ಅನುಭವವಿರುವ, ನೋಂದಾಯಿತ ಎರಡನೇ ದರ್ಜೆಯ ಹೋಟೆಲಿನವರು ಮಾತ್ರ ಬರಬೇಕು ಎಂದು ನೋಟೀಸಿನಲ್ಲಿತ್ತು. ತಿಂಗಳಿಗೆ 6,666 ರೂಪಾಯಿ 66 ಪೈಸೆ ಕೊಡುತ್ತೇನೆಂದು ಅತಿ ಹೆಚ್ಚು ಕೂಗಿದವರಿಗೆ ಕೊಟ್ಟರು. ಅವರಿಗೆ ಕ್ಯಾಂಟೀನ್ ನಡೆಸಿ ಗೊತ್ತಿತ್ತು, ನೋಟೀಸಿನಲ್ಲಿ ಕೇಳಿದ್ದ ಹೋಟೆಲಿನ ಅರ್ಹತೆ ಇರಲಿಲ್ಲ. ಶೆಟ್ಟರ ತಕರಾರು ಸರಳ. ಷರತ್ತು ಸಡಿಲಿಸುತ್ತೀರೆಂದು ಗೊತ್ತಿದ್ದರೆ ನಾನೂ ಹಾಕುತ್ತಿದ್ದೆನಲ್ಲ?

ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪು ಈ ತಕರಾರನ್ನು ಒಪ್ಪಿತು. ಸರ್ಕಾರ ತಾನೇ ಹಾಕಿದ ಅಳತೆಗೋಲಿಗೆ ತಾನು ಬದ್ಧ, ಖಾಸಗಿಯವನಂತೆ ಮನಸ್ಸಿಗೆ ಬಂದವನ ಜೊತೆ ವ್ಯವಹಾರ ಮಾಡುವಂತಿಲ್ಲ, ಮಾಡಿದರೆ 14ನೇ ವಿಧಿಯ ಸಮಾನತೆಗೆ ಭಂಗ ಎಂದಿತು. ಇವತ್ತಿಗೂ ಟೆಂಡರ್ ವ್ಯಾಜ್ಯದಲ್ಲಿ ವಕೀಲರು ಮೊದಲು ತೆಗೆಯುವ ತೀರ್ಪು ಇದು. ಆದರೆ ಭಾಷಣಗಳಲ್ಲಿ ಬಿಟ್ಟುಬಿಡುವ ಒಂದು ಸಂಗತಿ ಇದೆ. ಶೆಟ್ಟರಿಗೆ ಏನೂ ಸಿಗಲಿಲ್ಲ. ಅವರು ತಡವಾಗಿ ಬಂದಿದ್ದರು, ಅಷ್ಟರಲ್ಲಿ ಗುತ್ತಿಗೆ ಪಡೆದವರು ಹಣ ಸುರಿದಾಗಿತ್ತು, ಜೊತೆಗೆ ಶೆಟ್ಟರ ಹಿಂದೆ ಹಳೆಯ ಗುತ್ತಿಗೆದಾರನೊಬ್ಬ ನಿಂತಿದ್ದಾನೆಂದು ಕೋರ್ಟಿಗೆ ಕಂಡಿತು. ತತ್ವ ಗೆದ್ದಿತು, ಅರ್ಜಿ ಬಿತ್ತು. ಟೆಂಡರ್ ವ್ಯಾಜ್ಯಗಳ ಜಾತಕವೇ ಹೀಗೆ. ಕೋರ್ಟು ಬಾಗಿಲು ತೆರೆಯುವ ಹೊತ್ತಿಗೆ ಕಾಂಕ್ರೀಟ್ ಗಟ್ಟಿಯಾಗಿರುತ್ತದೆ.

ಈಗ ಸೇಲಮ್ಮಿಗೆ ಬರೋಣ. ಇಲ್ಲಿ ಮುನಿಸಿಪಾಲಿಟಿ ಆದದ್ದು 1866ರಲ್ಲಿ. ರಾಜಾಜಿಯವರು 1917ರಿಂದ 1919ರವರೆಗೆ ಇದರ ಅಧ್ಯಕ್ಷರಾಗಿದ್ದರು. 1994ರಲ್ಲಿ ಕಾರ್ಪೊರೇಷನ್ ಆಯಿತು. ಸೂರಮಂಗಲಂ, ಹಸ್ತಂಪಟ್ಟಿ, ಅಮ್ಮಾಪೇಟೆ, ಕೊಂಡಲಾಂಪಟ್ಟಿ ಎಂದು ನಾಲ್ಕು ವಲಯ, 60 ವಾರ್ಡು. ಇದರ ಚರಿತ್ರೆಯಲ್ಲಿ ಅತಿ ದೊಡ್ಡ ಖರೀದಿ ನಡೆದದ್ದು ಸ್ಮಾರ್ಟ್ ಸಿಟಿ ಹೆಸರಿನಲ್ಲಿ. 2016ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಸೇಲಂ ಇತ್ತು. ಅದೇ ಪಟ್ಟಿಯಲ್ಲಿ ನಮ್ಮ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಇದ್ದವು. ಊರೊಂದಕ್ಕೆ ಕೇಂದ್ರದಿಂದ 500 ಕೋಟಿ, ಅಷ್ಟೇ ಪಾಲು ರಾಜ್ಯದ ಕಡೆಯಿಂದ ಎಂಬುದು ಯೋಜನೆಯ ಲೆಕ್ಕ.

ದಿನಾಂಕಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಸೆಪ್ಟೆಂಬರಿನಲ್ಲಿ ಸೇಲಂ ಆಯ್ಕೆಯಾಯಿತು. ಮರು ತಿಂಗಳು, 2016ರ ಅಕ್ಟೋಬರಿನಲ್ಲಿ, ತಮಿಳುನಾಡಿನ ನಗರಸಭೆಗಳ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2022ರ ಫೆಬ್ರವರಿ 19ರಂದು. ನಡುವಿನ ಐದು ವರ್ಷಕ್ಕೂ ಮೀರಿದ ಕಾಲ ಕೌನ್ಸಿಲರುಗಳೂ ಇಲ್ಲ, ಮೇಯರೂ ಇಲ್ಲ, ವಿಶೇಷಾಧಿಕಾರಿಯ ಆಡಳಿತ. ಹಳೆಯ ಬಸ್ ನಿಲ್ದಾಣ ಕೆಡವಿ ಎರಡಂತಸ್ತಿನ ನಿಲ್ದಾಣ ಕಟ್ಟುವ ಯೋಜನೆ, ವಿ.ಓ.ಸಿ. ಮಾರುಕಟ್ಟೆ, ಸ್ಮಾರ್ಟ್ ರಸ್ತೆಗಳು, ಇವೆಲ್ಲ ಬಹುಪಾಲು ಹುಟ್ಟಿದ್ದು ಈ ಖಾಲಿ ಕಾಲದಲ್ಲಿ. ಟೆಂಡರ್ ಕರೆಯಲು ಸ್ಮಾರ್ಟ್ ಸಿಟಿ ಲಿಮಿಟೆಡ್ ಎಂಬ ಕಂಪನಿ ಬಂತು. ಕಂಪನಿಗೆ ನಿರ್ದೇಶಕ ಮಂಡಳಿ ಇರುತ್ತದೆ, ವಾರ್ಡು ಇರುವುದಿಲ್ಲ. ಕೊನೆಗೆ 2023ರ ಜೂನ್‌ನಲ್ಲಿ ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಆ ಬಸ್ ನಿಲ್ದಾಣ ಉದ್ಘಾಟಿಸಿದರು. ಕಟ್ಟಡದ ಚೆಂದದ ಬಗ್ಗೆ ನನ್ನ ತಕರಾರಿಲ್ಲ. ಟೆಂಡರ್ ಕಾಯ್ದೆಯ ಒಂದು ಅಕ್ಷರ ಮುರಿಯಿತೆಂದೂ ನಾನು ಹೇಳುತ್ತಿಲ್ಲ. ಕಾಯ್ದೆಯನ್ನು ಪೂರ್ತಿ ಪಾಲಿಸಿದರೂ ಒಂದು ಊರು ತನ್ನ ಅತಿ ದೊಡ್ಡ ಖರೀದಿಯನ್ನು, ಅದು ಬೇಕೋ ಬೇಡವೋ ಎಂದು ಕೇಳುವ ಒಬ್ಬ ಚುನಾಯಿತನೂ ಇಲ್ಲದೆ ಮಾಡಿ ಮುಗಿಸಬಹುದು ಎಂದಷ್ಟೇ ಹೇಳುತ್ತಿದ್ದೇನೆ. ಬೆಂಗಳೂರಿನವರು ಇದನ್ನು ಕೇಳಿ ನಗಬೇಕಾಗಿಲ್ಲ. ಅಲ್ಲಿಯ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಕೌನ್ಸಿಲ್ಲಿಲ್ಲದೆಯೇ ವರ್ಷಗಟ್ಟಲೆ ಸಾವಿರಾರು ಕೋಟಿಯ ಕಾಮಗಾರಿ ನಡೆದಿದೆ. 2025ರಲ್ಲಿ ಆ ಪಾಲಿಕೆಯೇ ಹೋಗಿ ಐದಾಯಿತು.

ಕಾಯ್ದೆ ಪಾಲಿಸಿದರೂ ಹೀಗಾಗುವುದು ಏಕೆಂದು ತಿಳಿಯಲು ಟೆಂಡರಿಗೆ ಮೂರು ಕಾಲ ಎಂದುಕೊಳ್ಳಿ. ಕರೆಯುವ ಮುಂಚೆ, ಕರೆದು ತೆರೆಯುವ ಹೊತ್ತು, ಕೆಲಸ ಮುಗಿದ ಮೇಲೆ. ಎರಡೂ ರಾಜ್ಯದ ಕಾಯ್ದೆಗಳ ಗಮನವೆಲ್ಲ ನಡುವಿನ ಕಾಲದ ಮೇಲೆ. ಈಗ ಅದೂ ಕಂಪ್ಯೂಟರಿನ ಮೇಲೆ ಬಂದಿದೆ, ಡಿಜಿಟಲ್ ಸಹಿ ಇಲ್ಲದೆ ಬಿಡ್ ಹೋಗುವುದಿಲ್ಲ, ಹೊತ್ತು ಮೀರಿದರೆ ಪೋರ್ಟಲ್ಲು ಮುಚ್ಚಿಕೊಳ್ಳುತ್ತದೆ. ಕಚೇರಿಯ ಮೆಟ್ಟಿಲ ಮೇಲೆ ಆಳು ನಿಲ್ಲಿಸಿ ಟೆಂಡರ್ ಹಾಕಲು ಬಿಡದ ಹಳೆಯ ರೌಡಿತನಕ್ಕೆ ಇದರಿಂದ ಪೆಟ್ಟು ಬಿದ್ದದ್ದು ನಿಜ.

ಕರೆಯುವ ಮುಂಚಿನ ಕಾಲದ ಆಟ ನೋಡಿ. ಇಪ್ಪತ್ತು ಬೀದಿಯ ಇಪ್ಪತ್ತು ಚರಂಡಿಯನ್ನು ಒಂದೇ ಪ್ಯಾಕೇಜು ಮಾಡಿದರೆ ವಾರ್ಡಿನ ಸಣ್ಣ ಗುತ್ತಿಗೆದಾರ ಹೊರಗೆ. ಐದು ವರ್ಷದಲ್ಲಿ ಇಂತಿಷ್ಟು ಕೋಟಿಯ ಒಂದೇ ಕೆಲಸ ಮಾಡಿರಬೇಕು, ಸ್ವಂತ ಮಿಕ್ಸಿಂಗ್ ಪ್ಲಾಂಟ್ ಇಷ್ಟು ಕಿಲೋಮೀಟರಿನೊಳಗೆ ಇರಬೇಕು ಎಂದು ಬರೆದರೆ ಇಬ್ಬರು ಮೂವರು ಉಳಿಯುತ್ತಾರೆ. ಷರತ್ತು ಓದಿದರೆ ಯಾರ ಮೈಯಳತೆಗೆ ಅಂಗಿ ಹೊಲಿದಿದ್ದಾರೆಂದು ಊರಿಗೆಲ್ಲ ಗೊತ್ತು. ಲಕೋಟೆ ಪಾರದರ್ಶಕವಾಗಿಯೇ ಒಡೆಯುತ್ತದೆ, ಒಳಗಿನ ಹೆಸರು ತಿಂಗಳ ಹಿಂದೆಯೇ ಪೇಟೆಯಲ್ಲಿ ಓಡಾಡಿರುತ್ತದೆ.

ದೊಡ್ಡ ಪ್ಯಾಕೇಜು ಯಾವಾಗಲೂ ತಪ್ಪು ಎನ್ನಲಾರೆ. ಹೊಗೇನಕಲ್ ಕುಡಿಯುವ ನೀರಿನ ಯೋಜನೆಯನ್ನೇ ತೆಗೆದುಕೊಳ್ಳಿ. ಅದರ ಶಂಕುಸ್ಥಾಪನೆಯಾದ 2008ರಲ್ಲಿ ಗಡಿಯ ಎರಡೂ ಕಡೆ ನಡೆದ ಗಲಾಟೆ ನಿಮಗೆ ನೆನಪಿದೆ, ಅದನ್ನು ನಾನು ಕೆದಕುವುದಿಲ್ಲ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ಮುದುಕರ ಕೀಲು ಸೆಟೆದು ನಡೆಯಲಾಗದ ಸ್ಥಿತಿ. ಸುಮಾರು 1,928 ಕೋಟಿಯ ಯೋಜನೆ, ಜಪಾನಿನ ನೆರವು ಸಂಸ್ಥೆ ಜೈಕಾದ ಸಾಲ, ತಮಿಳುನಾಡು ಕುಡಿಯುವ ನೀರು ಮಂಡಳಿಯ ಉಸ್ತುವಾರಿ, 2013ರ ಮೇ ತಿಂಗಳಲ್ಲಿ ಉದ್ಘಾಟನೆ. ಇಂಥದ್ದನ್ನು ಬೀದಿಬೀದಿಗೆ ಹಂಚಿಕೊಡಲು ಆಗುವುದಿಲ್ಲ. ಸಾಲ ಕೊಟ್ಟವರ ಖರೀದಿ ನಿಯಮಗಳೂ ಜೊತೆಗೆ ಬರುತ್ತವೆ. ನನ್ನ ಪ್ರಶ್ನೆ ಬೇರೆ. ಯಾವುದೇ ದೊಡ್ಡ ಕಾಮಗಾರಿಯಲ್ಲಿ ಊರೊಳಗೆ ಕಾಲುವೆ ತೋಡಿ ಪೈಪು ಇಳಿಸುವ ಕೆಲಸ ಕೊನೆಗೆ ಬರುವುದು ಸ್ಥಳೀಯ ಉಪಗುತ್ತಿಗೆದಾರನ ಕೈಗೆ. ಅವನ ಹೆಸರು ಸರ್ಕಾರದ ಯಾವ ಕರಾರಿನಲ್ಲೂ ಇರುವುದಿಲ್ಲ. ಮುಖ್ಯ ಗುತ್ತಿಗೆದಾರ ದುಡ್ಡು ಕೊಡದಿದ್ದರೆ ಟೆಂಡರ್ ಕಾಯ್ದೆ ಈ ಉಪಗುತ್ತಿಗೆದಾರನ ಮುಖ ನೋಡುವುದಿಲ್ಲ.

ಇನ್ನು ಕೆಲಸ ಮುಗಿದ ಮೇಲಿನ ಕಾಲ. ನಾನು ಇವತ್ತು ಬಂದದ್ದೇ ಇದಕ್ಕೆ.

ಎಂ.ಬಿ. ಪುಸ್ತಕ ಎಂದರೆ ಗುತ್ತಿಗೆದಾರರ ಎದೆ ಹೊಡೆದುಕೊಳ್ಳುತ್ತದೆ. ಅಳತೆ ಪುಸ್ತಕ. ಪುಟಗಳಿಗೆ ಮುದ್ರಿತ ಸಂಖ್ಯೆ ಇರುತ್ತದೆ, ಹರಿಯುವಂತಿಲ್ಲ. ಸಹಾಯಕ ಎಂಜಿನಿಯರ್ ಸ್ಥಳದಲ್ಲೇ ನಿಂತು ಉದ್ದ, ಅಗಲ, ಆಳ ಎಂದು ಸಾಲು ಸಾಲಾಗಿ ಶಾಯಿಯಲ್ಲಿ ಬರೆಯಬೇಕು. ತಪ್ಪಿದರೆ ಅಳಿಸುವಂತಿಲ್ಲ, ಅಡ್ಡಗೆರೆ ಹೊಡೆದು ಪಕ್ಕದಲ್ಲಿ ಸಹಿ ಹಾಕಬೇಕು. ಅವನ ಮೇಲಿನವನು ಬಂದು ಮತ್ತೆ ಅಳೆದು ತಾಳೆ ನೋಡಬೇಕು. ಗುತ್ತಿಗೆದಾರ ಒಪ್ಪಿಗೆಯ ರುಜು ಹಾಕಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಪದ್ಧತಿ ಇಲ್ಲ. ನಡೆಯುವುದು ಹೇಗೆ? ಚರಂಡಿಯ ತಳಕ್ಕೆ ಹಾಕಿದ ಜಲ್ಲಿ ಕಾಂಕ್ರೀಟು ಮುಚ್ಚಿಹೋಗುವ ಮೊದಲು ಅಳೆಯಬೇಕು. ಎಂಜಿನಿಯರ್ ಆ ದಿನ ಬೇರೆ ವಾರ್ಡಿನಲ್ಲಿ. ಮೇಸ್ತ್ರಿ ಕಾಯುವುದಿಲ್ಲ, ಕಾದರೆ ಆಳಿಗೆ ಕೂಲಿ ಸುಮ್ಮನೆ ಬೀಳುತ್ತದೆ. ಮುಚ್ಚಿ ಮುಂದೆ ಹೋಗುತ್ತಾರೆ. ವಾರದ ಮೇಲೆ ಎಂ.ಬಿ. ತುಂಬುವಾಗ ಆ ಆಳದ ಅಂಕಿಯನ್ನು ಬರೆಯುವುದು ಒಂದು ಔದಾರ್ಯವಾಗುತ್ತದೆ. ಔದಾರ್ಯಕ್ಕೆ ಬೆಲೆ ಇದೆ. ಪ್ರಾಮಾಣಿಕವಾಗಿ ಆರು ಅಂಗುಲ ಹಾಕಿದವನೂ, ನಾಲ್ಕೇ ಹಾಕಿ ಮುಚ್ಚಿದವನೂ ಅಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ.

ಎಂ.ಬಿ. ಆಯಿತು ಎನ್ನಿ. ಬಿಲ್ಲು ವಲಯ ಕಚೇರಿ, ಮುಖ್ಯ ಕಚೇರಿ, ಲೆಕ್ಕಪತ್ರ, ಆಡಿಟ್ ಮೇಜುಗಳನ್ನು ಹತ್ತಿ ಇಳಿದು ಚೆಕ್ಕಿನ ಸಾಲಿಗೆ ಬರುತ್ತದೆ. ಲೆಕ್ಕಕ್ಕಾಗಿ ಒಬ್ಬನನ್ನು ಕಲ್ಪಿಸಿಕೊಳ್ಳೋಣ. ಬಿಲ್ಲು 20 ಲಕ್ಷ. ಸಿಮೆಂಟು, ಕಬ್ಬಿಣ, ಕೂಲಿಗೆ ಅವನು ವರ್ಷಕ್ಕೆ ಶೇ. 18ರ ಬಡ್ಡಿಗೆ ಸಾಲ ತಂದಿದ್ದಾನೆ. ಎಂಟು ತಿಂಗಳು ತಡವಾದರೆ 2 ಲಕ್ಷ 40 ಸಾವಿರ ಬಡ್ಡಿ. ಬಿಲ್ಲಿನ ಶೇ. 12. ಇಂಥ ಕೆಲಸದಲ್ಲಿ ನ್ಯಾಯವಾಗಿ ಉಳಿಯುವ ಲಾಭವೇ ಅಷ್ಟಿದ್ದರೆ ಹೆಚ್ಚು. ಮುಂದಿನ ಟೆಂಡರಿನಲ್ಲಿ ಅವನಿಗಿರುವುದು ಮೂರು ದಾರಿ. ಆ 12ನ್ನು ದರಕ್ಕೆ ಸೇರಿಸಿ ಸೋಲುವುದು, ಸೇರಿಸದೆ ಗೆದ್ದು ಸಿಮೆಂಟಿನಲ್ಲಿ ಕದಿಯುವುದು, ಅಥವಾ ಬಿಲ್ಲು ಬೇಗ ಮಾಡಿಸಿಕೊಳ್ಳಲು ಯಾರಿಗೋ ಪರ್ಸೆಂಟೇಜು ಕೊಡುವುದು. ಕರ್ನಾಟಕದ ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಪತ್ರ ಬರೆದು ಶೇ. 40ರ ಕಮಿಷನ್ ಆರೋಪ ಮಾಡಿತಲ್ಲ, ಆ ಅಂಕಿಯ ಬಗ್ಗೆ ರಾಜಕೀಯದವರು ಇನ್ನೂ ಕಿತ್ತಾಡುತ್ತಿದ್ದಾರೆ. ಅಂಕಿ ಏನೇ ಇರಲಿ, ಲಂಚದ ಬೇರು ಲಕೋಟೆಯಲ್ಲಿ ಇರುವುದಕ್ಕಿಂತ ಬಾಕಿ ಬಿಲ್ಲಿನ ಕಟ್ಟಿನಲ್ಲಿ ಹೆಚ್ಚು ಇದೆ ಎಂಬುದು ನನ್ನ ಅಭಿಪ್ರಾಯ. ಟೆಂಡರ್ ಕರೆಯಲು 15 ದಿನ, 30 ದಿನ ಎಂದು ನಿಯಮಗಳಲ್ಲಿ ಗಡುವು ಹಾಕಿದವರು ದುಡ್ಡು ಕೊಡಲು ಅಂಥದೇ ಗಡುವನ್ನು ಅಲ್ಲೇ ಹಾಕಲಿಲ್ಲ.

ಗಡುವು ಇರುವ ಕಾಯ್ದೆ ಬೇರೊಂದಿದೆ. ಅದನ್ನು ಮಗ್ಗದವರೂ ವರ್ಕ್‌ಶಾಪಿನವರೂ ಬಾಯಿಪಾಠ ಮಾಡಿಕೊಳ್ಳಬೇಕು. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, 2006. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ಸರಕು ಕೊಟ್ಟರೆ, ಸೇವೆ ಕೊಟ್ಟರೆ, ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಕೊಡದಿದ್ದರೆ ಫೆಸಿಲಿಟೇಷನ್ ಕೌನ್ಸಿಲ್ಲಿಗೆ ದೂರು. ಅಲ್ಲಿ ಸೋತ ಕಚೇರಿ ಕೋರ್ಟಿಗೆ ಹೋಗಬೇಕಾದರೆ ಮುಕ್ಕಾಲು ಪಾಲು ಹಣ ಮೊದಲೇ ಕಟ್ಟಬೇಕು. ಗುಗೈ, ಇಳಂಪಿಳ್ಳೈ ಕಡೆಯ ನಮ್ಮ ದೇವಾಂಗದವರು ಚೌಡೇಶ್ವರಿ ಹಬ್ಬದ ಲೆಕ್ಕವನ್ನು ಪೈಸೆ ಬಿಡದೆ ಬರೆದಿಡುತ್ತಾರೆ, ಆದರೆ ಬಟ್ಟೆ ಕೊಟ್ಟ ದಿನದ ಚಲನ್ ಕೇಳಿದರೆ ಎಲ್ಲೋ ಇದೆ ಎನ್ನುತ್ತಾರೆ. 45 ದಿನ ಎಣಿಸಲು ಶುರುಮಾಡುವುದೇ ಆ ಚಲನ್ನಿನ ತಾರೀಖಿನಿಂದ. ತಮಿಳುನಾಡಿನಲ್ಲಿ ಸಣ್ಣ ಉದ್ದಿಮೆಗಳಿಗೆ ತಾವು ತಯಾರಿಸುವ ವಸ್ತುವಿನ ಟೆಂಡರಿನಲ್ಲಿ ಇಎಂಡಿ ವಿನಾಯಿತಿಯೂ ಇದೆ, ಕೇಳಿ ಪಡೆಯಿರಿ.

ಒಂದು ಕಹಿ ಮಾತು ಉಳಿಯಿತು. ಚರಂಡಿ, ರಸ್ತೆಯಂಥ ಕಾಮಗಾರಿ ಗುತ್ತಿಗೆಗೆ ಈ ಕಾಯ್ದೆ ಅನ್ವಯಿಸದು ಎಂದು ಬಾಂಬೆ, ದೆಹಲಿ ಹೈಕೋರ್ಟುಗಳ ತೀರ್ಪುಗಳಿವೆ. ಅಂದರೆ ಚರಂಡಿಗೆ ಮುಚ್ಚಳ ಮಾಡಿ ಮಾರಿದವನಿಗೆ ರಕ್ಷಣೆ ಉಂಟು, ಚರಂಡಿ ಕಟ್ಟಿದವನಿಗೆ ಇಲ್ಲ. ಇದನ್ನು ಸರಿಪಡಿಸಬೇಕಾದದ್ದು ಶಾಸನಸಭೆ. ತಮಿಳುನಾಡಿನ ಕಾಯ್ದೆಗೂ ಕರ್ನಾಟಕದ ಕಾಯ್ದೆಗೂ ಒಂದೊಂದೇ ಕಲಂ ಸೇರಿಸಿದರೆ ಸಾಕು. ಎಂ.ಬಿ. ಬರೆದ ದಿನದಿಂದ ಇಷ್ಟು ದಿನದೊಳಗೆ ಹಣ ಕೊಡಬೇಕು, ಬಿಲ್ಲುಗಳು ಬಂದ ಸರದಿಯಲ್ಲೇ ಹೋಗಬೇಕು, ಸರದಿ ತಪ್ಪಿಸಿದರೆ ಕಾರಣ ಬರೆದು ಪ್ರಕಟಿಸಬೇಕು. ಟೆಂಡರ್ ಬುಲೆಟಿನ್ ಇದ್ದ ಹಾಗೆ ಬಿಲ್ ಬುಲೆಟಿನ್ ಒಂದು ಬರಲಿ. ಆನ್‌ಲೈನಿನಲ್ಲಿ ಬಿಡ್ ತೆರೆಯಲು ಬರುವ ಕಂಪ್ಯೂಟರಿಗೆ ಬಿಲ್ಲಿನ ಸಾಲು ತೋರಿಸಲು ಬಾರದು ಎಂದರೆ ನಂಬುವುದು ಕಷ್ಟ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇದೆ. 2022ರ ನಿಯಮಗಳಿಂದ ತಮಿಳುನಾಡಿನ ನಗರಗಳಿಗೆ ವಾರ್ಡು ಸಮಿತಿ, ಏರಿಯಾ ಸಭೆಗಳು ಬಂದಿವೆ. ಕನ್ನಡಿಗರು ಅಲ್ಲಿಗೆ ಹೋಗುವುದು ಕಡಿಮೆ, ಹೋದರೂ ಹಿಂದಿನ ಸಾಲಿನಲ್ಲಿ ಕೂರುತ್ತೇವೆ. ಮುಂದಿನ ಸಭೆಗೆ ಹೋಗಿ. ತಮಿಳಿನಲ್ಲೇ ಕೇಳಿ, ನಮಗೆಲ್ಲ ಚೆನ್ನಾಗಿ ಬರುತ್ತದೆ. ನಿಮ್ಮ ಬೀದಿಯಲ್ಲಿ ಈ ವರ್ಷ ಮುಗಿದ ಒಂದೇ ಒಂದು ಕೆಲಸ ಆರಿಸಿಕೊಂಡು ಟೆಂಡರ್ ಮೊತ್ತ ಎಷ್ಟು, ಎಂ.ಬಿ. ಬರೆದ ದಿನ ಯಾವುದು, ಹಣ ಕೊಟ್ಟ ದಿನ ಯಾವುದು ಎಂದು ಕೇಳಿ. ಅಲ್ಲಿ ಉತ್ತರ ಬರದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಎಂ.ಬಿ. ಪುಟದ ನಕಲು ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಬಂದ ನಕಲನ್ನು ಈ ಸಂಘದ ಕಚೇರಿಗೆ ತಂದುಕೊಡಿ. ಓದಿ ಅರ್ಥ ಹೇಳುವ ಕೆಲಸ ನನ್ನದು.